ಉಪ್ಪಿನ ಬಾಗಿಲು

ಅತ್ತೆ ಆ ಮಾತು ಹೇಳಿದಾಗ ಮಸ್ತುರಾ ತಂದೂರಿನೊಳಗೆ ಭುಜದವರೆಗೆ ಬಗ್ಗಿ ರೊಟ್ಟಿ ಅಂಟಿಸುತ್ತಿದ್ದಳು. "ಸಲೋಮತ್ ಅಜ್ಜಿಗೆ ಹೇಳ್ಕಳ್ಸಿದೀನಿ ಕಣೇ, ಮಧ್ಯಾಹ್ನ ಬರ್ತಾಳೆ. ಮಗೂಗೆ ಇವತ್ತೇ ಕಿವಿ ಚುಚ್ಚಿಸಿಬಿಡಾಣ. ಜರ್ದಾಳು ಹೂವು ಉದುರೋ ಮುಂಚೆ ಆಗ್ಬೇಕು, ಆಮೇಲೆ ಸೆಕೆ ಶುರುವಾದ್ರೆ ಕೀವು ಕಟ್ಕೊಳತ್ತೆ." ಮಸ್ತುರಾ ಒಳಗಿಂದಲೇ ಹೂಂ ಅಂದಳು. ದನಿ ತಂದೂರಿನ ಹೊಟ್ಟೆಯಲ್ಲಿ ಗುಂಯ್ ಅಂದು ಬೇರೆ ಯಾರದೋ ದನಿಯಂತೆ ವಾಪಸು ಬಂತು. ರೊಟ್ಟಿ ಅಂಟಿಸುವಾಗ ಬಿಸ್ಮಿಲ್ಲಾ ಹೇಳಿ ಮುಗಿಯುವಷ್ಟರಲ್ಲಿ ಕೈ ಹೊರಗೆ ಬಂದಿರಬೇಕು ಅನ್ನುವುದು ಅವಳ ಅಮ್ಮ ಕಲಿಸಿಕೊಟ್ಟ ಲೆಕ್ಕ. ಬೇರೆ ಹೆಂಗಸರಿಗೆ ಈ ಲೆಕ್ಕ ಬೇಕಾಗುವುದಿಲ್ಲ, ಅವರ ಕೈ ತಾನಾಗಿಯೇ ಹಿಂದಕ್ಕೆ ಬರುತ್ತದೆ. ಮಸ್ತುರಾಳ ಕೈಗೆ ಯಾರಾದರೂ ಹೇಳಬೇಕು. ಈ ಸಲ ಅವಳು ಬಿಸ್ಮಿಲ್ಲಾ ಹೇಳುವುದನ್ನೇ ಮರೆತಿದ್ದಳು. ಗೋಡೆಗಂಟಿದ ರೊಟ್ಟಿಯ ಮೇಲೆ ಅಂಗೈ ಹಾಗೇ ಇಟ್ಟುಕೊಂಡು ಕಿವಿ, ಸೂಜಿ, ಮಧ್ಯಾಹ್ನ ಅಂತ ಯೋಚಿಸುತ್ತಿದ್ದವಳು ಎಚ್ಚೆತ್ತು ಕೈ ಹೊರಗೆಳೆದು ನೋಡಿಕೊಂಡಳು. ಕೈಗೆ ಹಾಕಿದ್ದ ಒದ್ದೆ ಗವಸಿನಿಂದ ಹಬೆ ಏಳುತ್ತಿತ್ತು. ಗವಸಿಗಿಂತ ಮೇಲೆ, ಮೊಣಕೈ ಹತ್ತಿರ, ಚರ್ಮ ಅಂಗೈಯಗಲ ಕೆಂಪಾಗಿತ್ತು. ತೋಳು ಇಳಿಸಿ ಮುಚ್ಚಿಕೊಂಡಳು. ಅತ್ತೆ ಬೆನ್ನು ತಿರುಗಿಸಿ ಅಂಗಳಕ್ಕೆ ನೀರು ಚಿಮುಕಿಸುತ್ತಿದ್ದಳು. ಅದೃಷ್ಟ.

ಮಗಳು ನಿಗೊರಾಗೆ ಏಳು ತಿಂಗಳು. ಓಣಿಯ ಹೆಂಗಸರೆಲ್ಲ ಅವಳನ್ನು ಒಳ್ಳೆ ಮಗು ಅನ್ನುತ್ತಿದ್ದರು, ಅಂದರೆ ಅಳದ ಮಗು. ಮರದ ತೊಟ್ಟಿಲಲ್ಲಿ ಕೈಕಾಲಿಗೆ ಪಟ್ಟಿ ಬಿಗಿದು ಮಲಗಿಸಿದರೆ ಮಿಸುಕಾಡದೆ ತೊಲೆಗಳನ್ನು ನೋಡುತ್ತ ಬಿದ್ದಿರುತ್ತಿತ್ತು. ಹಸಿವಾದರೆ ಅಳುತ್ತಿತ್ತು, ಅತ್ತೆ ಎದ್ದುಹೋದರೆ ಅಳುತ್ತಿತ್ತು, ಆದರೆ ಇವೆರಡೂ ಮಸ್ತುರಾ ಕೂಡ ಅತ್ತಿದ್ದ ಅಳುಗಳೇ. ಮೂರನೆಯದೊಂದು ಅಳು ಇರುತ್ತದಂತೆ. ಅದನ್ನು ಅವಳು ಬೇರೆ ಮಕ್ಕಳಲ್ಲಿ ಹುಡುಕಿಕೊಂಡು ಹೋಗಿ ಕೇಳಿದ್ದಳು. ಪಕ್ಕದ ಮನೆಯ ಹುಡುಗ ಕಾಲುವೆ ಕಟ್ಟೆಯಿಂದ ಬಿದ್ದಾಗ ಎಲ್ಲರೂ ಹುಡುಗನ ಹಣೆ ನೋಡುತ್ತಿದ್ದರೆ ಅವಳು ಅವನ ಬಾಯಿ ನೋಡುತ್ತ ನಿಂತಿದ್ದಳು. ಬಾಯಿ ಚೌಕವಾಗುತ್ತದೆ, ಮೊದಲು ದನಿ ಬರುವುದಿಲ್ಲ, ಆಮೇಲೆ ಒಮ್ಮೆಗೇ ಬರುತ್ತದೆ. ಹಾಗೇ ನೋಡುತ್ತಿದ್ದದ್ದನ್ನು ಆ ಹುಡುಗನ ತಾಯಿ ಕಂಡು, "ಏನಮ್ಮ, ತಮಾಷೆ ಅಂದ್ಕೊಂಡ್ಯಾ?" ಅಂದಿದ್ದಳು. ನಿಗೊರಾಳ ಬಾಯಿ ಚೌಕವಾದದ್ದನ್ನು ಮಸ್ತುರಾ ನೋಡಿರಲಿಲ್ಲ. ಆಸ್ಪತ್ರೆಯಲ್ಲಿ ಲಸಿಕೆ ಹಾಕಿದಾಗ ಮಗು ಅತ್ತಿತ್ತು, ನಿಜ, ಆದರೆ ಅದು ಬಿಳಿ ಕೋಟು ಕಂಡಾಗಲೇ ಶುರುಮಾಡಿತ್ತು. ಸೂಜಿ ಒಳಗೆ ಹೋದಾಗ ಅಳು ಬದಲಾಯಿತೋ ಇಲ್ಲವೋ ನೋಡುವುದರೊಳಗೆ ನರ್ಸು ಹೆಗಲು ಅಡ್ಡ ಹಾಕಿದ್ದಳು. ಒಂದು ದಿನ, ಮನೆಯಲ್ಲಿ ಯಾರೂ ಇಲ್ಲದಾಗ, ಮಸ್ತುರಾ ಮಗುವಿನ ತೊಡೆ ಚಿವುಟಿದಳು. ಎಷ್ಟು ಚಿವುಟಿದರೆ ನೋವಾಗುತ್ತದೆ ಅನ್ನುವುದು ಅವಳಿಗೆ ಗೊತ್ತಿರಲಿಲ್ಲ. ಕಡಿಮೆ ಚಿವುಟಿದರೆ ಪರೀಕ್ಷೆಯಾಗುವುದಿಲ್ಲ, ಜಾಸ್ತಿ ಅಂದರೆ ಎಷ್ಟು? ಮಗು ಆಗಲೇ ಹಸಿವಿಗೆ ಅಳುತ್ತಿತ್ತು, ಅಳುತ್ತಲೇ ಇತ್ತು. ಅಳು ಏರಿತು ಅಂತ ಒಮ್ಮೆ ಅನ್ನಿಸಿತು, ಇಲ್ಲ ಅಂತ ಒಮ್ಮೆ ಅನ್ನಿಸಿತು. ಮಾರನೇ ದಿನ ತೊಡೆಯ ಮೇಲೆ ನೀಲಿ ಕಲೆ ಎದ್ದಿತ್ತು. ಅತ್ತೆ ನೋಡಿ, ತೊಟ್ಟಿಲ ಪಟ್ಟಿ ಬಿಗಿಯಾಗಿದೆ ಅಂದುಕೊಂಡು ತಾನೇ ಸಡಿಲ ಮಾಡಿದಳು.

ಗಂಡ ಕೊಬಿಲ್ ಅಂಗಳಕ್ಕೆ ಬಂದು ಬಿಸಿ ರೊಟ್ಟಿ ಮುರಿದು ಬಾಯಿಗೆ ಹಾಕಿಕೊಂಡು ಉಫ್ ಅಂತ ನಾಲಿಗೆಯ ಮೇಲೆ ಹೊರಳಿಸಿದ. ಅವನು ರೇಷ್ಮೆ ಮಗ್ಗದ ಕಾರ್ಖಾನೆಯಲ್ಲಿ ಬಣ್ಣದ ಕೆಲಸದವನು. ಉಗುರುಗಳು ಯಾವಾಗಲೂ ನೀಲಿ. ಮರ್ಗಿಲಾನ್ ಊರಿನ ಅರ್ಧ ಗಂಡಸರ ಉಗುರು ಹಾಗೇ. "ಅಮ್ಮ ಹೇಳಿದ್ಳಾ? ಕಿವಿಗೆ ಹಾಕೋಕೆ ಕೆಂಪು ರೇಷ್ಮೆ ಎಳೆ ತಂದಿಟ್ಟಿದೀನಿ. ಕಾರ್ಖಾನೇಲಿ ಎಲ್ಲಕ್ಕಿಂತ ಮೆತ್ತನೇದು." ಮಸ್ತುರಾ, "ಇನ್ನೊಂದು ವರ್ಷ ಬಿಟ್ಟು ಚುಚ್ಚಿಸಿದ್ರೆ ಆಗಲ್ವಾ?" ಅಂದಳು. "ಯಾಕೆ?" "ಚಿಕ್ಕವಳು." ಕೊಬಿಲ್ ನಕ್ಕ. "ಚಿಕ್ಕೋಳು ಅಂತಲೇ ಈಗ ಚುಚ್ಚೋದು. ದೊಡ್ಡೋಳಾದ್ರೆ ಓಡ್ತಾಳೆ. ನಿನ್ನನ್ನ ಯಾರೂ ಹಿಡ್ಕೋಬೇಕಾಗಿರ್ಲಿಲ್ಲವಂತೆ, ಅಲ್ವಾ? ನಿಮ್ಮಮ್ಮ ಹೇಳ್ತಿದ್ರು. ಕೂತ್ಕೊಂಡು ಬೀಜ ತಿಂತಿದ್ಯಂತೆ." ಅತ್ತೆ ಪೊರಕೆ ನಿಲ್ಲಿಸಿ, "ಅವಳ ಸುದ್ದಿ ಬಿಡೋ. ಅವಳು ಹೆರೋವಾಗ್ಲೇ ಉಸಿರೆತ್ತಲಿಲ್ಲ, ಕಿವಿ ಯಾವ ಲೆಕ್ಕ," ಅಂದಳು. ಹೇಳುವಾಗ ಅವಳ ಮುಖ ಅರಳಿತು. ಈ ಮಾತನ್ನು ಅತ್ತೆ ಓಣಿಯ ಪ್ರತಿ ಮನೆಯಲ್ಲೂ ಹೇಳಿದ್ದಳು. ನನ್ನ ತಮ್ಮನ ಮಗಳು, ನನ್ನ ಸೊಸೆ, ಹೆರಿಗೆ ಕೋಣೆಯಲ್ಲಿ ಎಲ್ಲ ಬೊಬ್ಬೆ ಹೊಡೀತಿದ್ರೆ ಇವಳೊಬ್ಬಳು ಸುಮ್ಮನೆ, ಹಾಗೆ ಬೆಳೆಸಿದಾರೆ ಕಣ್ರೀ ಹೆಣ್ಣುಮಕ್ಕಳನ್ನ. ಮಸ್ತುರಾ ಅವತ್ತು ಬೊಬ್ಬೆ ಹೊಡೆಯಬೇಕೆಂದೇ ಹೋಗಿದ್ದಳು. ಅಮ್ಮ ಫೋನಿನಲ್ಲಿ ಹೇಳಿಕೊಟ್ಟಿದ್ದಳು: ಪಕ್ಕದ ಮಂಚದವಳನ್ನ ನೋಡ್ಕೋ, ಅವಳು ಯಾವಾಗ ಕೂಗ್ತಾಳೋ ಆಗ ಕೂಗು. ಪಕ್ಕದ ಮಂಚದವಳು ಆಗಲೇ ಹೆತ್ತು ನಿದ್ದೆ ಹೋಗಿದ್ದಳು. ಹೊಟ್ಟೆ ಕಲ್ಲಾಗುವುದು, ಸಡಿಲವಾಗುವುದು, ಮತ್ತೆ ಕಲ್ಲಾಗುವುದು, ಅಷ್ಟು ಮಾತ್ರ ಗೊತ್ತಾಗುತ್ತಿತ್ತು, ಯಾರೋ ದೂರದಲ್ಲಿ ಚೀಲ ಕಟ್ಟಿ ಬಿಚ್ಚಿದಂತೆ. ಸೂಲಗಿತ್ತಿ ಬಂದು ನೋಡಿದಾಗ ಮಗುವಿನ ತಲೆ ಕಾಣುತ್ತಿತ್ತು. ಅವಳು ಬೈದಳು, "ಹೇಳ್ಬಾರ್ದೇನೇ, ಬಾಯಿಲ್ವಾ ನಿಂಗೆ?" ಆಮೇಲೆ ಅದೇ ಸೂಲಗಿತ್ತಿ ಹೊರಗೆ ಹೋಗಿ ಅತ್ತೆಗೆ, ನಿಮ್ಮ ಸೊಸೆ ಬಹಳ ಗಟ್ಟಿಗಿತ್ತಿ ಅಂದಳು.

ಗಟ್ಟಿಗ ಅಂತ ಮೊದಲು ಅನ್ನಿಸಿಕೊಂಡವನು ಅವಳ ಅಣ್ಣ ಇಲ್ಯೋಸ್. ಅಂಗ್ರೆನ್‌ನ ಕಲ್ಲಿದ್ದಲು ಗಣಿಯವರ ಬೀದಿಯಲ್ಲಿ, ಮಸ್ತುರಾಳ ತವರಿನಲ್ಲಿ, ಅವನ ಸುನ್ನತಿಯ ಊಟ. ಮೂರು ಹಂಡೆ ಪಲಾವು, ಕಹಳೆಯವರು, ಜರಿ ನಿಲುವಂಗಿ ತೊಟ್ಟು ಹಾಸಿಗೆಯ ಮೇಲೆ ಕೂತ ಐದು ವರ್ಷದ ಹುಡುಗ. ಗಂಡಸರೆಲ್ಲ ಕಿವಿ ಕೊಟ್ಟು ನಿಂತಿದ್ದರಂತೆ, ಒಳಗಿಂದ ಚೀತ್ಕಾರ ಬಂದರೆ ಕಹಳೆ ಊದಿ ಮುಚ್ಚಿಹಾಕಬೇಕು ಅಂತ. ಚೀತ್ಕಾರ ಬರಲಿಲ್ಲ. ಕತ್ತರಿಸಿದವನು ಬೆರಗಾಗಿ ಹೊರಗೆ ಬಂದು, ಹುಡುಗ ನನ್ನ ಗಡ್ಡ ಎಳೆದು ಆಡ್ತಿದ್ದ ಅಂದ. ಅಜ್ಜ ತನ್ನ ಸೊಂಟದ ಚಾಕು ಬಿಚ್ಚಿ ಮೊಮ್ಮಗನ ಸೊಂಟಕ್ಕೆ ಕಟ್ಟಿದ. ಇಡೀ ಬೀದಿ ಆ ಮೌನವನ್ನು ಹಬ್ಬ ಮಾಡಿತು. ಅಮ್ಮ ಒಬ್ಬಳೇ ಒಳಗೆ ಕೂತು ಹುಡುಗನ ಬಾಯಿ ತೆರೆಸಿ ನೋಡುತ್ತಿದ್ದಳು: ನಾಲಿಗೆಯ ತುದಿ ಅವನು ಹಲ್ಲು ಬಂದ ವರ್ಷವೇ ಕಚ್ಚಿಕೊಂಡು ಕಳೆದುಕೊಂಡಿದ್ದ. ಮಸ್ತುರಾ ಕಚ್ಚಿಕೊಂಡದ್ದು ಕೆಳತುಟಿಯ ಒಳಬದಿ. ಇಲ್ಯೋಸ್ ಮೇಲ್ಛಾವಣಿಯಿಂದ ಹಾರುತ್ತಿದ್ದ, ಆ ಚಾಕುವಿನಿಂದ ಅಂಗೈ ಗೀರಿ ಗೆಳೆಯರಿಗೆ ತೋರಿಸುತ್ತಿದ್ದ, ಮುರಿದ ಕಾಲಲ್ಲಿ ಎರಡು ದಿನ ಚೆಂಡಾಡಿದ. ಮಸ್ತುರಾ ಹೆಣ್ಣಾದ್ದರಿಂದ ಅವಳಿಗೆ ಬೇರೆ ಪಾಠ. ಅಮ್ಮ ಕೂರಿಸಿಕೊಂಡು ಕಲಿಸುತ್ತಿದ್ದಳು. ಬೆರಳು ಬಾಗಿಲಿಗೆ ಸಿಕ್ಕರೆ ಹೀಗೆ ಮುಖ ಮಾಡು. ಕಾಲು ಎಡವಿದರೆ ಒಂದು ಸಲ ಅಯ್ಯೊ ಅನ್ನು, ಎರಡು ಹೆಜ್ಜೆ ಕುಂಟು. ಯಾರಾದರೂ ಏನೋ ವಾಸನೆ ಅಂದರೆ ಮೂಗು ಸುಕ್ಕಿಸು. ರಾತ್ರಿ ಮಲಗುವ ಮುಂಚೆ ಮೈಯೆಲ್ಲ ನೋಡಿಕೋ, ಪಾದದ ಅಡಿ ಕೂಡ. ಮಸ್ತುರಾ ಎಷ್ಟು ಚೆನ್ನಾಗಿ ಕಲಿತಳೆಂದರೆ ಶಾಲೆಯಲ್ಲಿ ಅವಳಿಗೆ ಅಳುಬುರುಕಿ ಅಂತ ಹೆಸರು ಬಿತ್ತು. ಅಮ್ಮ ಅವತ್ತು ಖುಷಿಯಾಗಿ ಅವಳಿಗೆ ಹಲ್ವ ಮಾಡಿಕೊಟ್ಟಳು.

ತಾಷ್ಕೆಂಟಿನ ಡಾಕ್ಟರು ಇಬ್ಬರ ರಕ್ತವನ್ನೂ ತೆಗೆದುಕೊಂಡ, ಹೊರದೇಶಕ್ಕೆ ಕಳಿಸಿದ, ಕೊನೆಗೆ ಒಂದು ಚಳಿಗಾಲದಲ್ಲಿ ಕರೆಸಿ ಕೂರಿಸಿ ಹೇಳಿದ. ಅವನು ಒಳ್ಳೆಯವನು, ಮೇಜಿನ ಮೇಲೆ ಬೆರಳಲ್ಲಿ ಗೆರೆ ಎಳೆದು ತೋರಿಸುತ್ತಿದ್ದ. "ನರ ಅಂದ್ರೆ ಉದ್ದಾನೆ ಓಣಿ ಅಂದ್ಕೋ ತಾಯಿ. ಓಣಿ ಉದ್ದಕ್ಕೂ ಸಣ್ಣ ಸಣ್ಣ ಬಾಗಿಲು. ಕಾಲಿಗೆ ಮುಳ್ಳು ಚುಚ್ತು ಅಂದ್ರೆ ಮೊದಲನೇ ಬಾಗಿಲು ತೆಗೀತದೆ, ಹೊರಗಿರೋ ಉಪ್ಪು ಒಳಗೆ ನುಗ್ತದೆ. ಅದು ನುಗ್ಗಿದಾಗ ಸಣ್ಣದೊಂದು ಮಿಂಚು. ಆ ಮಿಂಚಿಗೆ ಪಕ್ಕದ ಬಾಗಿಲು ತೆಗೀತದೆ. ಹೀಗೆ ಒಂದಾದ ಮೇಲೊಂದು ತೆಗೀತಾ ತೆಗೀತಾ ಸುದ್ದಿ ತಲೇವರೆಗೆ ಹೋಗ್ತದೆ. ನಿಮ್ಮ ಮಕ್ಕಳಿಗೆ ನೋವಿನ ಓಣೀಲಿರೋ ಬಾಗಿಲು ಹುಟ್ಟಿದಾಗಿನಿಂದ ತೆಗೆದೇ ಇಲ್ಲ. ಮೂಗಿನ ಓಣೀಲೂ ಅದೇ ಬಾಗಿಲು, ಅದಕ್ಕೇ ವಾಸನೇನೂ ಇಲ್ಲ." ಅಮ್ಮ, ಬೇರೆ ಯಾರಿಗೂ ಹೀಗಿಲ್ಲವಾ ಅಂತ ಕೇಳಿದಳು. ಅಲ್ಲೊಬ್ಬರು ಇಲ್ಲೊಬ್ಬರು ಇದಾರೆ ಅಂದ ಡಾಕ್ಟರು. ಇನ್ನು ಕೆಲವು ಮನೆಗಳಲ್ಲಿ ಅದೇ ಬಾಗಿಲು ಸುಮ್ಮಸುಮ್ಮನೆ ತೆಗೆದುಕೊಳ್ಳುತ್ತದೆ, ಬೇಗ ಮುಚ್ಚುವುದಿಲ್ಲ. ಅವರಿಗೆ ಕಾಲು ಕೆಂಡದ ಮೇಲಿಟ್ಟಂತೆ ಉರಿಯುತ್ತದೆ, ಹಿಮದ ನೀರಿನ ಬಕೆಟ್ಟಿನಲ್ಲಿ ಕಾಲಿಟ್ಟುಕೊಂಡು ದಿನ ಕಳೆಯುತ್ತಾರೆ, ರಾತ್ರಿ ನಿದ್ದೆಯಿಲ್ಲ. "ಹಾಗಾದ್ರೆ ಅವರಿಗಿಂತ ನಾವೇ ವಾಸಿ ಅಲ್ವಾ ಡಾಕ್ಟ್ರೇ?" ಅಂದಳು ಅಮ್ಮ. ಡಾಕ್ಟರು ಬಗ್ಗಿ ಇಲ್ಯೋಸನ ಕಾಲು ನೋಡಿದ. ಊರಿಗೆ ಬಂದಮೇಲೆ ಅಮ್ಮ ಇಡೀ ಚಳಿಗಾಲ ಮಕ್ಕಳಿಬ್ಬರಿಗೂ ಉಪ್ಪು ಬೆರೆಸಿ ಕಾಯಿಸುವ ಹಾಲಿನ ಚಹಾಕ್ಕೆ ಎರಡರಷ್ಟು ಉಪ್ಪು ಹಾಕಿ ಕುಡಿಸಿದಳು. ಬಾಗಿಲು ಮುಚ್ಚಿದ್ದರೂ ಹೊರಗೆ ಉಪ್ಪು ರಾಶಿಬಿದ್ದರೆ ಒಂದಲ್ಲ ಒಂದು ದಿನ ತಳ್ಳಿಕೊಂಡು ಒಳಗೆ ಬರಬಹುದು ಅಂತ ಅವಳ ಎಣಿಕೆ. ಇಲ್ಯೋಸ್ ವಾಂತಿ ಮಾಡಿದ. ಮುಂದಿನ ವರ್ಷ ಮತ್ತೆ ವಾಂತಿ ಮಾಡಿದಾಗ ಅದು ಉಪ್ಪಲ್ಲ, ಹೊಟ್ಟೆಯೊಳಗೆ ಕರುಳಿನ ಬಾಲ, ಡಾಕ್ಟರು ಅಪೆಂಡಿಕ್ಸ್ ಅನ್ನುವುದು, ಒಡೆದುಹೋಗಿತ್ತು. ಒಡೆದ ಹೊಟ್ಟೆ ಇಟ್ಟುಕೊಂಡು ಅವನು ಮಧ್ಯಾಹ್ನದವರೆಗೆ ಪಾರಿವಾಳ ಹಾರಿಸುತ್ತಿದ್ದ. ಮೈ ಬಿಸಿಯಾಗಿದೆ ಅಂದ, ಮಲಗಿದ. ಎಲ್ಲಾದರೂ ನೋಯ್ತಿದೆಯಾ ಅಂತ ಅಮ್ಮ ಕೇಳಿದಳು, ಬೇರೇನು ಕೇಳಬೇಕು ಅಂತ ಅವಳಿಗೆ ಹೊಳೆಯಲಿಲ್ಲ. ಇಲ್ಲ ಅಂದ.

ಡಾಕ್ಟರು ಇನ್ನೊಂದು ಮಾತು ಹೇಳಿದ್ದ, ಅದನ್ನು ಮಸ್ತುರಾ ಚೆನ್ನಾಗಿ ಕೇಳಿಸಿಕೊಂಡಿದ್ದಳು. ಅಪ್ಪ ಅಮ್ಮ ಇಬ್ಬರ ಕಡೆಯಿಂದಲೂ ಕೆಟ್ಟ ಬಾಗಿಲು ಬಂದರೆ ಮಾತ್ರ ಮಗು ಹೀಗಾಗುತ್ತದೆ. ಆದ್ದರಿಂದ ಈ ಹುಡುಗಿಯನ್ನು ಸಂಬಂಧದಲ್ಲಿ ಕೊಡಬೇಡಿ. ಅಪ್ಪ ಗಣಿಯಿಂದ ಬಂದು ಕೈ ತೊಳೆಯುತ್ತ, ಸಂಬಂಧದಲ್ಲಿ ಕೊಡದೆ ಬೀದಿಯವರಿಗೆ ಕೊಡೋದಾ ಅಂದ, ಅಷ್ಟೇ. ಡಾಕ್ಟರ ಮಾತನ್ನು ಮರ್ಗಿಲಾನಿನಲ್ಲಿದ್ದ ಅಕ್ಕನಿಗೂ ಹೇಳಲಿಲ್ಲ. ಅಪ್ಪನ ಮೇಲೆ ಹಾಕಿ ಸುಮ್ಮನಿರಬಹುದಿತ್ತು. ಆದರೆ ಹೊರಗಿನ ಸಂಬಂಧವೊಂದು ಬಂದಿತ್ತು, ಕೊಕಂಡ್‌ನ ಶಾಲೆ ಮೇಷ್ಟ್ರು, ಒಳ್ಳೆಯ ಮನೆ. ಬೇಡ ಅಂದವಳು ಮಸ್ತುರಾ. ಪರರ ಮನೆಯಲ್ಲಿ ಒಂದು ವಾರದಲ್ಲಿ ಗೊತ್ತಾಗುತ್ತದೆ, ಅಡಿಗೆಮನೆಯಲ್ಲಿ ಒಮ್ಮೆ ಅಯ್ಯೊ ಅನ್ನುವುದು ಮರೆತರೆ ಸಾಕು, ವಾಪಸು ಕಳಿಸುತ್ತಾರೆ. ಸೋದರತ್ತೆಯ ಮನೆಯಾದರೆ ಎತ್ತಿ ಆಡಿಸಿದವಳು, ಕಂಡರೂ ಕಾಣದಂತಿರುತ್ತಾಳೆ. ಹಾಗೆ ಲೆಕ್ಕ ಹಾಕಿ, ತಲೆ ಬಗ್ಗಿಸಿ, ಕೊಬಿಲ್ ಆದರೆ ಆಗಬಹುದು ಅಂದಿದ್ದಳು. ಹುಟ್ಟಲಿರುವ ಮಗುವಿನ ಲೆಕ್ಕ ಆ ಲೆಕ್ಕದಲ್ಲಿ ಇರಲಿಲ್ಲ. ಇರಲಿಲ್ಲ ಅನ್ನುವುದೂ ಸುಳ್ಳು. ಇತ್ತು. ಅತ್ತೆಗೆ ಆ ಕೆಟ್ಟ ಬಾಗಿಲು ಇರಬಹುದು ಇಲ್ಲದಿರಬಹುದು, ಇದ್ದರೂ ಮಗನಿಗೆ ಹೋಗಿರಬಹುದು ಹೋಗದಿರಬಹುದು ಅಂತ ಬೆರಳು ಮಡಿಸಿ ನೋಡಿ ಆಮೇಲೆ ಒಪ್ಪಿಕೊಂಡಿದ್ದಳು. ಈಗ ಒಳಗೆ ತೊಟ್ಟಿಲ ಪಟ್ಟಿ ಬಿಚ್ಚುವಾಗ ನಿಗೊರಾ ಅವಳ ಮುಖ ನೋಡಿ ನಕ್ಕಿತು. ಕೆಳಗೆ ಎರಡು ಹಲ್ಲು ಬಂದಿದ್ದವು. ಮಸ್ತುರಾ ಮಗುವಿನ ತುಟಿ ಮಡಿಸಿ ಒಳಗೆ ನೋಡಿದಳು. ದಿನಕ್ಕೆ ಎಷ್ಟು ಸಲ ನೋಡುತ್ತಿದ್ದಳೋ. ಒಂದು ಕಡೆ ಸಣ್ಣ ಹುಣ್ಣಿತ್ತು. ಹಲ್ಲು ಬರುವಾಗ ಎಲ್ಲ ಮಕ್ಕಳಿಗೂ ಆಗುತ್ತದೆ ಅಂತ ಓಣಿಯವರು ಹೇಳುತ್ತಿದ್ದರು.

ಮಧ್ಯಾಹ್ನಕ್ಕೆ ಸಲೋಮತ್ ಅಜ್ಜಿ ಬಂದಳು, ಹಿಂದೆಯೇ ಪಕ್ಕದ ಮನೆಯ ಓಯ್ನಿಸಾ, ಕರೆಯದಿದ್ದರೂ. ಅಂಗಳದ ಜರ್ದಾಳು ಮರದ ಕೆಳಗಿನ ಜಗಲಿ ಮಂಚದ ಮೇಲೆ ಹಾಸಿಗೆ ಹಾಸಿ, ಚಹಾ, ಕಲ್ಲುಸಕ್ಕರೆ, ಒಣದ್ರಾಕ್ಷಿ ಇಟ್ಟಿದ್ದರು. ಅಜ್ಜಿ ಮೊದಲು ಎರಡು ಬಟ್ಟಲು ಚಹಾ ಕುಡಿದಳು, ಕೆಲಸದ ಮಾತೇ ಎತ್ತಲಿಲ್ಲ. ಓಯ್ನಿಸಾ ಮಸ್ತುರಾಳನ್ನು ಮೇಲಿಂದ ಕೆಳಗೆ ನೋಡಿ, "ಏನೇ ಸೊಸೆ, ಈ ಬಿಸಿಲಲ್ಲಿ ಉದ್ದ ತೋಳಿನ ಅಂಗಿ? ಗಂಡ ಏನಾದ್ರೂ ಕಚ್ಚಿದ್ನಾ?" ಅಂದಳು. ಹೆಂಗಸರು ನಕ್ಕರು. ಅತ್ತೆ, "ನಿನ್ನ ಗಂಡನಿಗೆ ಹಲ್ಲೇ ಇಲ್ಲ ಅಂತ ನಿಂಗೆ ಹೊಟ್ಟೆಕಿಚ್ಚು," ಅಂದಳು. ಅಜ್ಜಿ ಚಹಾ ಉಗುಳುವಂತಾಗಿ ಕೆಮ್ಮಿದಳು. ಮಸ್ತುರಾ ಕೂಡ ಅವರ ಜೊತೆ ನಕ್ಕು, ಸರಿಯಾದ ಹೊತ್ತಿಗೆ ನಿಲ್ಲಿಸಿದಳು. ಚಹಾ ಬಟ್ಟಲನ್ನು ಅಂಚಿನಲ್ಲಿ ಹಿಡಿದಳು, ಊದಿದಳು, ಅತ್ತೆ ಕುಡಿದ ಮೇಲೆ ಕುಡಿದಳು. ಇವತ್ತು ಎಲ್ಲ ಸರಿಯಾಗಿ ಮಾಡಬೇಕು.

"ಕಿವಿ ಚುಚ್ಚುವಾಗ ಅಳದ ಮಗೂಗೆ ಒಳ್ಳೆ ಮನೆ ಸಿಗ್ತದೆ," ಅಂದಳು ಅಜ್ಜಿ ಮಗುವನ್ನು ಬೆಳಕಿಗೆ ತಿರುಗಿಸಿ ಕಿವಿಯ ಹಾಲೆ ಉಜ್ಜಿ ನೋಡುತ್ತ. "ಇದೇನೂ ಅಳಲ್ಲ ಬಿಡಿ," ಅಂದಳು ಓಯ್ನಿಸಾ. "ಅಮ್ಮನ ಹೊಟ್ಟೇಲಿ ಹುಟ್ಟಿದ್ದು ತಾನೆ." "ಅಳಲ್ಲ, ಅಳಲ್ಲ," ಅಂದಳು ಅತ್ತೆ ಮೊಮ್ಮಗಳಿಗೆ. "ನಮ್ಮ ಮನೆ ಮಾನ ಉಳಿಸ್ತಾಳೆ ನನ್ನ ಚಿನ್ನ." ಎಲ್ಲರೂ ಸೇರಿ ಮಗುವಿನಿಂದ ಒಂದೇ ಕೇಳುತ್ತಿದ್ದರು, ಮೌನ. ಅಂಗ್ರೆನ್‌ನಲ್ಲಿ ಕಿವಿ ಕೊಟ್ಟು ನಿಂತಿದ್ದ ಗಂಡಸರ ಹಾಗೆ. ಮಸ್ತುರಾಗೆ ಅಲ್ಲಿಂದ ಮಗುವನ್ನು ಎತ್ತಿಕೊಂಡು ಓಡಬೇಕು ಅನ್ನಿಸಿತು, ಹಾಗೇ ಸೂಜಿ ಬೇಗ ಚುಚ್ಚಲಿ ಅಂತಲೂ ಅನ್ನಿಸಿತು. ಏಳು ತಿಂಗಳಿಂದ ಅವಳು ಗೊತ್ತಿಲ್ಲದೆ ಇರುವುದರ ಮೇಲೆ ಬದುಕಿದ್ದಳು. ಗೊತ್ತಿಲ್ಲದಿದ್ದರೆ ಇನ್ನೂ ಆಗಿಲ್ಲ. ಗೊತ್ತಾದ ಮೇಲೆ ಈ ಮಗುವನ್ನು ಕೂರಿಸಿಕೊಂಡು ಮುಖ ಮಾಡುವುದನ್ನು ಕಲಿಸಬೇಕು, ಪಾದದ ಅಡಿ ನೋಡಿಕೊಳ್ಳುವುದನ್ನು ಕಲಿಸಬೇಕು, ಪ್ರತಿ ಜ್ವರಕ್ಕೂ ಹೊಟ್ಟೆ ಒತ್ತಿ ನೋಡಿ ಏನೂ ಗೊತ್ತಾಗದೆ ಕೂರಬೇಕು. ಅದೂ ಯಾರು? ತನ್ನ ತೋಳು ಸುಟ್ಟಿದ್ದೇ ಕಣ್ಣಲ್ಲಿ ನೋಡಿ ತಿಳಿಯುವವಳು. ಅಮ್ಮನಿಗೆ ನೋವು ಗೊತ್ತಿತ್ತು, ಗೊತ್ತಿದ್ದೂ ಇಲ್ಯೋಸನನ್ನು ಉಳಿಸಿಕೊಳ್ಳಲಾಗಲಿಲ್ಲ.

ಅಜ್ಜಿ ಒಂದು ಗೋಧಿ ಕಾಳನ್ನು ಕಿವಿಯ ಮುಂದೆ, ಇನ್ನೊಂದನ್ನು ಹಿಂದೆ ಇಟ್ಟು ಹಾಲೆಯನ್ನು ಎರಡರ ನಡುವೆ ಒತ್ತಿ ಒತ್ತಿ ತಿಕ್ಕಿದಳು, ಜಾಗ ತೆಳುವಾಗಿ ಜೋಮು ಹಿಡಿಯಲಿ ಅಂತ. ನಿಗೊರಾ ತಲೆ ಕೊಡವಿತು, ಕಲ್ಲುಸಕ್ಕರೆ ಕಟ್ಟಿದ ಬಟ್ಟೆ ಬಾಯಿಗಿಟ್ಟ ಮೇಲೆ ಸುಮ್ಮನಾಯಿತು. "ಅಜ್ಜಿ, ಅದು ಬೇಡ," ಅಂದಳು ಮಸ್ತುರಾ. "ಯಾವುದು?" "ಜೋಮು ಹಿಡಿಸೋದು. ಹಾಗೇ ಚುಚ್ಚಿ." ಅಜ್ಜಿ ಕಣ್ಣು ಕಿರಿದು ಮಾಡಿ ನೋಡಿದಳು. "ಹಾಗೇ ಚುಚ್ಚಿದ್ರೆ ನೋಯ್ತದಲ್ಲೇ ಹುಡುಗಿ." ಮಸ್ತುರಾ ಮಗುವಿನ ಹತ್ತಿರಕ್ಕೆ ಸರಿದು ಕೂತಳು. ಅತ್ತೆ ಅವಳ ಬೆನ್ನು ತಟ್ಟಿ, "ನೀನು ಒಳಗೆ ಹೋಗು. ತಾಯಿ ಕಣ್ಣೆದುರಿಗೆ ಬೇಡ, ನಿನ್ ಕೈಲಿ ನೋಡೋಕಾಗಲ್ಲ," ಅಂದಳು. "ಇಲ್ಲ ಅತ್ತೆ, ನಾನಿಲ್ಲೇ ಇರ್ತೀನಿ." "ಹೋಗೇ ಅಂದ್ರೆ." "ನಾನು ತಲೆ ಹಿಡ್ಕೋತೀನಿ." ಓಯ್ನಿಸಾ ಹುಬ್ಬು ಹಾರಿಸಿ ಒಣದ್ರಾಕ್ಷಿ ಬಾಯಿಗೆ ಹಾಕಿಕೊಂಡಳು. ನನ್ನ ಮಗಳಿಗೆ ಚುಚ್ಚಿದಾಗ ನಾನು ಮೂರು ಮನೆ ಆಚೆ ಹೋಗಿ ಕಿವಿ ಮುಚ್ಕೊಂಡು ಕೂತಿದ್ದೆ ಅಂತ ಯಾರಿಗೂ ಅಲ್ಲದ ಹಾಗೆ ಹೇಳಿದಳು.

ಅಜ್ಜಿ ಸೂಜಿಗೆ ಕೆಂಪು ರೇಷ್ಮೆ ಪೋಣಿಸಿ, ಹತ್ತಿಬೀಜದ ಎಣ್ಣೆಯಲ್ಲಿ ಎಳೆ ನೆನೆಸಿ, ಏನೋ ಗೊಣಗಿ, ಬಲಗಿವಿಗೆ ಚುಚ್ಚಿದಳು. ಸೂಜಿ ಹಿಂದಿನಿಂದ ಹೊರಗೆ ಬಂತು. ನಿಗೊರಾ ಅತ್ತೆಯ ತೊಡೆಯ ಮೇಲೆ ಕಣ್ಣು ಅಗಲಿಸಿ ಕೂತಿತ್ತು. ಸದ್ದಿಲ್ಲ. "ನೋಡಿದ್ರಾ!" ಅಂದಳು ಓಯ್ನಿಸಾ. "ಥೇಟು ಅಮ್ಮ." ಜರ್ದಾಳು ಹೂವಿನ ಎಸಳೊಂದು ಚಹಾ ಬಟ್ಟಲಲ್ಲಿ ಬಿತ್ತು. ಮಸ್ತುರಾ ಮಗುವಿನ ತಲೆ ಎರಡೂ ಕೈಯಲ್ಲಿ ಹಿಡಿದುಕೊಂಡು ಅದರ ಬಾಯಿ ನೋಡುತ್ತಿದ್ದಳು. ಬಟ್ಟೆಯ ಗಂಟು ಬಾಯಿಂದ ಜಾರಿತು. ಬಾಯಿ ತೆರೆಯಿತು, ಮೂಲೆಗಳು ಕೆಳಗೆ ಎಳೆದವು, ತುಟಿ ಚೌಕವಾಗುತ್ತ ಹೋಯಿತು. ಮುಖ ಕೆಂಪಾಯಿತು. ಉಸಿರು ಎಲ್ಲೋ ಒಳಗೆ ಸಿಕ್ಕಿಕೊಂಡು ನಿಂತಿತ್ತು, ಆಮೇಲೆ ಬಂತು. ಅಂಗಳದ ಪಾರಿವಾಳಗಳು ಎದ್ದು ಹಾರಿದವು. ಅತ್ತೆ "ಆಯ್ತು, ಆಯ್ತು ಬಂಗಾರ, ಮುಗೀತು," ಅನ್ನುತ್ತ ಮಗುವನ್ನು ಎದೆಗೆ ಎಳೆದುಕೊಳ್ಳಲು ಹೋದಳು. ಮಸ್ತುರಾ ತಲೆ ಬಿಡಲಿಲ್ಲ.

ಇದು ಅಜ್ಜಿಯ ಹೊಸ ಮುಖ ಕಂಡು ಬಂದ ಅಳು ಆಗಿರಬಹುದು. ಅವತ್ತು ಬಿಳಿ ಕೋಟಿಗೆ ಅತ್ತ ಹಾಗೆ. ಸಕ್ಕರೆಯ ಗಂಟು ಬಿದ್ದುಹೋಯಿತು ಅಂತ ಆಗಿರಬಹುದು. ಒಂದು ಸಲಕ್ಕೆ ನಂಬಿ ಕೂತರೆ ಮತ್ತೆ ಅದೇ ಏಳು ತಿಂಗಳು, ಅದೇ ತುಟಿ ಮಡಿಸಿ ನೋಡುವುದು. "ಇನ್ನೊಂದು ಕಿವಿ," ಅಂದಳು ಮಸ್ತುರಾ. "ತಡಿಯೇ, ಉಸಿರಾಡ್ಲಿ ಮಗು," ಅಂದಳು ಅಜ್ಜಿ. "ಹಾಲು ಕುಡಿಸು, ಸಮಾಧಾನ ಆಗ್ಲಿ, ಆಮೇಲೆ." "ಇಲ್ಲ ಅಜ್ಜಿ, ಈಗ್ಲೇ. ಅಳ್ತಿರುವಾಗ್ಲೇ ಚುಚ್ಚಿ." "ಏನಾಗಿದೆ ನಿಂಗೆ?" ಅಂದಳು ಅತ್ತೆ. ಮಸ್ತುರಾ ಮಗುವಿನ ತಲೆಯನ್ನು ಇನ್ನೊಂದು ಪಕ್ಕಕ್ಕೆ ಹೊರಳಿಸಿ, ಕಿವಿಯ ಹಾಲೆಯನ್ನು ತಾನೇ ಹಿಡಿದು ಚಾಚಿ, ಗೋಧಿ ಕಾಳು ಎತ್ತಿಕೊಳ್ಳಲು ಬಂದ ಅಜ್ಜಿಯ ಕೈ ತಳ್ಳಿದಳು. ಅಜ್ಜಿ ಒಮ್ಮೆ ಅತ್ತೆಯ ಮುಖ ನೋಡಿದಳು. ಆಮೇಲೆ, ಬೇಗ ಮುಗಿಸಿಬಿಡುವುದೇ ಮೇಲು ಅಂತಲೋ ಏನೋ, ಚುಚ್ಚಿದಳು. ಅಳುತ್ತಿದ್ದ ಮಗುವಿನ ಅಳು ಅಲ್ಲಿಗೆ ಕತ್ತರಿಸಿ ನಿಂತು, ಅದಕ್ಕಿಂತ ಎತ್ತರದ, ತೆಳ್ಳನೆಯ, ಬೇರೆಯೇ ಒಂದು ಕಡೆಯಿಂದ ಬಂದ ಕಿರುಚಾಟವಾಗಿ ಒಡೆಯಿತು. ಸೂಜಿ ಹೋದ ಕ್ಷಣಕ್ಕೇ ಒಡೆಯಿತು. ಅಜ್ಜಿ ಎಳೆ ಎಳೆದಾಗ ಇನ್ನೊಮ್ಮೆ ಏರಿತು. ಎಳೆ ನಿಲ್ಲಿಸಿದಾಗ ಇಳಿಯಿತು. ಗಂಟು ಹಾಕುವಾಗ ಮತ್ತೆ ಏರಿತು. ಎಲ್ಲ ಬಾಗಿಲೂ ತೆರೆಯುತ್ತಿದ್ದವು, ಒಂದಾದ ಮೇಲೊಂದು, ಕಿವಿಯಿಂದ ತಲೆಯವರೆಗೆ. ಮಸ್ತುರಾ ನಗತೊಡಗಿದಳು. ನಗುತ್ತಿದ್ದೇನೆ ಅಂತ ಅವಳಿಗೆ ತಿಳಿಯಲಿಲ್ಲ. ಮಗುವಿನ ಒದ್ದೆ ಮುಖ ಹಿಡಿದುಕೊಂಡು, "ಅಳು, ಅಳು ನನ್ನವ್ವ, ಇನ್ನೂ ಜೋರಾಗಿ ಅಳು," ಅನ್ನುತ್ತಿದ್ದಳು. ಅಜ್ಜಿಯ ಕೈ ಎಳೆದು ಮುತ್ತಿಟ್ಟಳು. ಅಜ್ಜಿಯ ಬೆರಳ ಮೇಲೆ ಒಂದು ಹನಿ ರಕ್ತವಿತ್ತು, ಅದು ಅವಳ ತುಟಿಗೆ ಹತ್ತಿತು.

ಸ್ವಲ್ಪ ಹೊತ್ತಿನ ಮೇಲೆ ಅವಳು ತಲೆ ಎತ್ತಿ ನೋಡಿದಳು. ಓಯ್ನಿಸಾಳ ಕೈಯಲ್ಲಿದ್ದ ಒಣದ್ರಾಕ್ಷಿ ಬಾಯಿಗೆ ಹೋಗದೆ ನಿಂತಿತ್ತು. ಅಜ್ಜಿ ತನ್ನ ಕೈ ಬಿಡಿಸಿಕೊಂಡು ಲಂಗಕ್ಕೆ ಒರೆಸಿಕೊಂಡಳು. ಮುಖಗಳನ್ನು ಓದುವುದು ಮಸ್ತುರಾಗೆ ಚಿಕ್ಕಂದಿನಿಂದ ಕಲಿತ ವಿದ್ಯೆ, ಯಾರು ಯಾವಾಗ ಮುಖ ಕಿವುಚುತ್ತಾರೆ, ಯಾವಾಗ ಮೂಗು ಮುಚ್ಚುತ್ತಾರೆ ಅಂತ ನೋಡಿ ನೋಡಿ ಬದುಕಿದವಳು. ಈ ಮುಖಗಳನ್ನೂ ಓದಿದಳು. ಹೇಳಿಬಿಡಬಹುದಿತ್ತು. ಅತ್ತೆ, ನಂಗೆ ಹುಟ್ಟಿದಾಗಿನಿಂದ ನೋವಿಲ್ಲ, ಇಲ್ಯೋಸಣ್ಣ ಹಾಗೇ ಸತ್ತ, ಡಾಕ್ಟರು ಬೇಡ ಅಂದ್ರೂ ನಾನು ನಿಮ್ಮ ಮನೆಗೆ ಬಂದೆ, ನಿಮ್ಮ ಮೊಮ್ಮಗಳನ್ನ ಪಣಕ್ಕಿಟ್ಟು ಬಂದೆ, ಈಗ ಗೆದ್ದೆ ಅಂತ ನಗ್ತಾ ಇದೀನಿ. ಮಾತು ಬಾಯಿಯ ತನಕ ಬಂತು, ಆದರೆ ಹೇಳುವುದು ಹೆಚ್ಚು ಕೆಟ್ಟದ್ದೋ ಹೇಳದಿರುವುದೋ ಅಂತ ಅವಳಿಗೆ ತೀರ್ಮಾನವಾಗಲಿಲ್ಲ. ನಗು ಮಾತ್ರ ಮುಖದ ಮೇಲೆ ಇನ್ನೂ ಇತ್ತು. ಅದನ್ನು ಹೇಗೆ ಇಳಿಸುವುದು ಅಂತ ಅಮ್ಮ ಕಲಿಸಿರಲಿಲ್ಲ.

ಅವಳು ಎರಡೂ ಕೈ ಚಾಚಿದಳು. "ಕೊಡಿ ಅತ್ತೆ, ಹಾಲು ಕುಡಿಸ್ತೀನಿ."

ಅತ್ತೆ ಮಗುವನ್ನು ಶಾಲಿನೊಳಗೆ ಸುತ್ತಿ, ಅದರ ತಲೆಗೆ ತನ್ನ ಅಂಗೈ ಅಡ್ಡ ಇಟ್ಟುಕೊಂಡು, ಜಗಲಿ ಮಂಚದಿಂದ ಇಳಿದಳು. ಇಳಿಯುವಾಗ ಒಂದು ಬಟ್ಟಲು ಉರುಳಿತು, ಅದನ್ನು ಯಾರೂ ಎತ್ತಲಿಲ್ಲ. ಮೆಟ್ಟಿಲ ಹತ್ತಿರ ಹೋಗಿ ತಿರುಗಿ ನೋಡಿದಳು. ದನಿಯಲ್ಲಿ ಸಿಟ್ಟಿರಲಿಲ್ಲ. ಕೆಲಸದವಳಿಗೆ ಮಾತಾಡಿದ ಹಾಗಿತ್ತು, ಅಷ್ಟೇ.

"ಹಾಲಿನ ಹೊತ್ತಿಗೆ ನಾನೇ ಕರೀತೀನಿ. ನನ್ನೆದುರಿಗೇ ಕೂತು ಕುಡಿಸು. ಮಿಕ್ಕ ಹೊತ್ತೆಲ್ಲ ಮಗು ನನ್ನ ಹತ್ರ ಇರ್ತದೆ."

"ಆಗ್ಲಿ ಅತ್ತೆ," ಅಂದಳು ಮಸ್ತುರಾ.

ಬಾಗಿಲು ಒಳಗಿಂದ ಚಿಲಕ ಹಾಕಿಕೊಂಡಿತು. ಅಜ್ಜಿ ಸೂಜಿ ಒರೆಸಿ ಬಟ್ಟೆಯಲ್ಲಿ ಸುತ್ತಿಟ್ಟುಕೊಂಡಳು, ಓಯ್ನಿಸಾ ಚಪ್ಪಲಿ ಹುಡುಕಿದಳು. ಗೋಡೆಯ ಆಚೆ ನಿಗೊರಾ ಇನ್ನೂ ಅಳುತ್ತಿತ್ತು, ಬಿಕ್ಕಿ ಬಿಕ್ಕಿ, ನಡುನಡುವೆ ಕಿವಿ ಎಲ್ಲಾದರೂ ತಗಲಿದಾಗ ಏರುತ್ತ. ಮಸ್ತುರಾ ಬಟ್ಟಲುಗಳನ್ನು ಒಂದರೊಳಗೊಂದು ಜೋಡಿಸುತ್ತ, ಪ್ರತಿ ಸಲ ಅಳು ಏರಿದಾಗಲೂ ಕೈ ನಿಲ್ಲಿಸಿ ಕೇಳಿಸಿಕೊಂಡಳು.